ಒಬ್ಬರಿಂದಾಗದ್ದು ಸಂಗದಿಂದಾದೀತು
ಮದ್ಯವ್ಯಸನದಿಂದ ಬಿಡುಗಡೆ ಬಯಸುವವರಿಗೂ ಅವರ ಕುಟುಂಬದವರಿಗೂ ಒಂದು ಕೈಪಿಡಿ

ನಮ್ಮ ಮನೆಗಳಲ್ಲಿ ಹೊಸ್ತಿಲು ದಾಟಿಸಬಾರದೆಂದು ಬಚ್ಚಿಡುವ ಮಾತುಗಳು ಹಲವಿವೆ. ಅವುಗಳಲ್ಲಿ ಮೊದಲನೆಯದು ಕುಡಿತ. ಲಿಂಗ ಧರಿಸಿದವರ ಮನೆಯಲ್ಲಿ ಮದ್ಯಕ್ಕೆ ಎಡೆಯಿಲ್ಲವೆಂಬುದು ತಲೆಮಾರುಗಳಿಂದ ನಾವು ಅಭಿಮಾನದಿಂದ ಹೇಳಿಕೊಂಡು ಬಂದಿರುವ ಆಚಾರ. ಆ ಆಚಾರ ಇಂದಿಗೂ ನಮ್ಮ ಆದರ್ಶವೇ ಆಗಿದೆ. ಆದರೆ ಎಲ್ಲ ಮನೆಗಳೂ ಹಾಗೆಯೇ ಉಳಿದಿವೆಯೆಂದು ಹೇಳಿಕೊಳ್ಳುವ ಧೈರ್ಯ ಇಂದು ಯಾರಿಗೂ ಇಲ್ಲ. ವಿಚಿತ್ರವೆಂದರೆ, ಯಾವ ಆಚಾರ ನಮ್ಮನ್ನು ಕುಡಿತದಿಂದ ದೂರವಿಡಬೇಕಾಗಿತ್ತೋ ಅದೇ ಆಚಾರದ ಹೆಸರು, ಕುಡಿತಕ್ಕೆ ಸಿಲುಕಿದವನು ಸಹಾಯ ಕೇಳದಂತೆ ಬಾಯಿ ಮುಚ್ಚಿಸುತ್ತಿದೆ. ಮಗಳ ಸಂಬಂಧ ತಪ್ಪೀತು, ಬಳಗದಲ್ಲಿ ತಲೆ ತಗ್ಗಿಸಬೇಕಾದೀತು, ಮಠದಲ್ಲಿ ಮುಖ ತೋರಿಸುವುದು ಹೇಗೆ ಎಂಬ ಅಂಜಿಕೆಯಿಂದ ವರ್ಷಗಳು ಉರುಳುತ್ತವೆ. ರೋಗ ಮಾತ್ರ ಯಾರ ಮರ್ಯಾದೆಯನ್ನೂ ಕಾಯದೆ ಒಳಗೊಳಗೇ ಬೆಳೆಯುತ್ತದೆ.

ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರಲ್ಲಿ ಶೇ. 14.6ರಷ್ಟು ಮಂದಿ, ಅಂದರೆ ಸುಮಾರು 16 ಕೋಟಿ ಜನರು, ಮದ್ಯ ಸೇವಿಸುತ್ತಾರೆ. ಪುರುಷರಲ್ಲಿ ಈ ಪ್ರಮಾಣ ಶೇ. 27.3. ಅದಕ್ಕಿಂತ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕಾದ ಅಂಕಿಯೊಂದು ಅದೇ ವರದಿಯಲ್ಲಿದೆ. ಮದ್ಯಕ್ಕೆ ಸಂಪೂರ್ಣ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಉಳಿದ 37 ಜನರು ಮನೆಗಳಲ್ಲಿಯೇ, ಮೌನದಲ್ಲಿಯೇ ಇದ್ದಾರೆ. ಅಂಥವರಿಗಾಗಿಯೂ, ಅವರನ್ನು ಕಾಯುತ್ತ ನಡುರಾತ್ರಿಯವರೆಗೆ ಬಾಗಿಲ ಬಳಿ ಕುಳಿತಿರುವ ತಾಯಿ, ಹೆಂಡತಿ, ಮಕ್ಕಳಿಗಾಗಿಯೂ ಈ ಲೇಖನ.

ಸಂಕಲ್ಪವೊಂದೇ ಸಾಲದೇಕೆ?

ಕುಡಿಯುವವನಿಗೆ ಬುದ್ಧಿ ಹೇಳದ ಮನೆಯಿಲ್ಲ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿಸಿದ್ದುಂಟು. ಸ್ವಾಮಿಗಳ ಪಾದ ಮುಟ್ಟಿಸಿ ಮಾತು ತೆಗೆದುಕೊಂಡದ್ದುಂಟು. ಮಾತು ಕೊಟ್ಟವನು ಆ ಕ್ಷಣಕ್ಕೆ ಸುಳ್ಳು ಹೇಳಿರುವುದಿಲ್ಲ; ಅವನ ಕಣ್ಣೀರೂ ನಿಜವೇ. ಆದರೂ ಹದಿನೈದು ದಿನಗಳಲ್ಲಿ ಅವನು ಮತ್ತೆ ಅದೇ ಅಂಗಡಿಯ ಮುಂದೆ ನಿಂತಿರುತ್ತಾನೆ. ಆಗ ನಾವು ‘ಇವನಿಗೆ ಮನಸ್ಸಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ವೈದ್ಯಶಾಸ್ತ್ರ ಇದನ್ನು ಬೇರೆ ರೀತಿಯಲ್ಲಿ ಕಾಣುತ್ತದೆ. ಅಮೆರಿಕದ ವೈದ್ಯಕೀಯ ಸಂಘವು 1956ರಲ್ಲಿಯೇ ಮದ್ಯವ್ಯಸನವನ್ನು ವೈದ್ಯರು ಚಿಕಿತ್ಸೆ ನೀಡಬೇಕಾದ ಕಾಯಿಲೆಯೆಂದು ಒಪ್ಪಿಕೊಂಡಿತು. ವರ್ಷಗಟ್ಟಲೆ ಸುರಿದ ಮದ್ಯಕ್ಕೆ ಮಿದುಳು ಹೊಂದಿಕೊಳ್ಳುತ್ತದೆ. ಮೊದಲು ಅರ್ಧ ಕ್ವಾರ್ಟರಿಗೆ ಏರುತ್ತಿದ್ದ ಅಮಲಿಗೆ ಪೂರ್ತಿ ಕ್ವಾರ್ಟರು ಬೇಕಾಗುತ್ತದೆ. ಕೊನೆಗೆ ಅಮಲಿಗಾಗಿ ಕುಡಿಯುವುದು ನಿಂತು, ಕೈನಡುಕ ನಿಲ್ಲಿಸಲೆಂದೇ ಬೆಳಿಗ್ಗೆ ಎದ್ದೊಡನೆ ಕುಡಿಯುವ ಸ್ಥಿತಿ ಬರುತ್ತದೆ. ಇಂಥವನಲ್ಲಿ ಬಿಡಬೇಕೆಂಬ ಇಚ್ಛೆ ಇದ್ದೇ ಇರುತ್ತದೆ. ಆ ಇಚ್ಛೆಯನ್ನು ಪ್ರತಿ ಸಂಜೆಯೂ ಹಿಡಿದು ನಿಲ್ಲಿಸುವ ಆಸರೆ ಇರುವುದಿಲ್ಲ. ಕುಡಿಯುವ ಗೆಳೆಯರ ಗುಂಪು ಪ್ರತಿದಿನ ಸೇರುತ್ತದೆ. ಬಿಡುವವನು ಮಾತ್ರ ಒಂಟಿಯಾಗಿ ಕೋಣೆಯಲ್ಲಿ ಕುಳಿತಿರಬೇಕೆಂದರೆ ಅದು ಸಮಬಲದ ಹೋರಾಟವಾಗದು. ಈ ಕೊರತೆಯನ್ನು ತುಂಬಲು ಹುಟ್ಟಿದ್ದೇ, ಕುಡಿತ ಬಿಟ್ಟವರು ಬಿಡಬಯಸುವವರೊಡನೆ ಕೂಡುವ ಸಭೆ.

ಇಬ್ಬರಿಂದ ಆರಂಭವಾದ ಸಂಗ

ಜಗತ್ತಿನಾದ್ಯಂತ ಹಬ್ಬಿರುವ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಗದ ಕಥೆ ತಿಳಿಯತಕ್ಕದ್ದು. ಸಂಕ್ಷೇಪವಾಗಿ ಇದನ್ನು ‘ಎ.ಎ.’ ಎನ್ನುತ್ತಾರೆ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಎಂಬಾತ ವ್ಯಾಪಾರದ ಕೆಲಸಕ್ಕಾಗಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿಗೆ ಬಂದಿದ್ದ. ಕುಡಿತ ಬಿಟ್ಟು ಆಗಷ್ಟೇ ಕೆಲವು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದಾಗ ಒಂದು ಕಡೆ ಬಾರಿನಿಂದ ನಗೆಯ ಸದ್ದು ಕೇಳಿಸುತ್ತಿತ್ತು. ಇನ್ನೊಂದು ಕಡೆ ದೂರವಾಣಿ ಇತ್ತು. ತನ್ನಂತೆಯೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬನೊಡನೆ ಮಾತನಾಡಿದರೆ ಮಾತ್ರ ತಾನು ಉಳಿದೇನೆಂದು ಅವನಿಗೆ ತೋರಿತು. ಊರಿನ ಚರ್ಚುಗಳಿಗೆ ದೂರವಾಣಿ ಮಾಡುತ್ತ ಹೋದ. ಆ ಹುಡುಕಾಟ ಅವನನ್ನು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯನ ಬಳಿಗೆ ಕರೆದೊಯ್ದಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂಡಲಾರೆನೆಂದಿದ್ದ ಆ ವೈದ್ಯ ಆರು ಗಂಟೆಗೂ ಹೆಚ್ಚು ಕಾಲ ಕುಳಿತು ಮಾತನಾಡಿದ. ಬುದ್ಧಿ ಹೇಳುವವರನ್ನು ಅವನು ಬೇಕಾದಷ್ಟು ಕಂಡಿದ್ದ. ತನ್ನದೇ ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳುವವನನ್ನು ಕಂಡದ್ದು ಅದೇ ಮೊದಲು. 1935ರ ಜೂನ್ 10ರಂದು ಡಾಕ್ಟರ್ ಬಾಬ್ ಕೊನೆಯ ಬಾರಿ ಕುಡಿದ. ಆ ದಿನವನ್ನೇ ಸಂಗದ ಜನ್ಮದಿನವೆಂದು ಎಣಿಸುತ್ತಾರೆ.

1939ರಲ್ಲಿ ಅವರ ಅನುಭವಗಳ ಗ್ರಂಥ ಪ್ರಕಟವಾಯಿತು. ಅದರಲ್ಲಿ ಬಿಡುಗಡೆಯ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸಲಾಗಿದೆ. ತನ್ನ ಕೈಯಿಂದ ಆಗುತ್ತಿಲ್ಲವೆಂದು ಒಪ್ಪಿಕೊಳ್ಳುವುದು, ತನಗಿಂತ ದೊಡ್ಡದಾದ ಶಕ್ತಿಯ ಆಸರೆ ಬಯಸುವುದು, ತನ್ನ ತಪ್ಪುಗಳನ್ನು ಎಣಿಸಿ ನೋಡುವುದು, ನೋಯಿಸಿದವರಲ್ಲಿ ಆದ ಹಾನಿಯನ್ನು ಸರಿಪಡಿಸುವುದು, ಬಳಿಕ ಇನ್ನೊಬ್ಬ ವ್ಯಸನಿಗೆ ಕೈಕೊಡುವುದು ಇವು ಅದರ ಸಾರ. ಭಾರತದಲ್ಲಿ ಈ ಸಂಗ 1957ರಲ್ಲಿ ಆರಂಭವಾಯಿತು.

ಇದು ಬರಿಯ ಭಾವುಕತೆಯೆಂದು ತಿಳಿಯಬೇಕಾಗಿಲ್ಲ. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ 27 ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡಿತು. ರೋಗಿಗಳನ್ನು ವ್ಯವಸ್ಥಿತವಾಗಿ ಈ ಸಭೆಗಳ ಕಡೆಗೆ ತಿರುಗಿಸುವ ಚಿಕಿತ್ಸಾಕ್ರಮವು, ಪೂರ್ತಿಯಾಗಿ ಕುಡಿತ ಬಿಟ್ಟು ಉಳಿಯುವ ವಿಷಯದಲ್ಲಿ ಇತರ ಹೆಸರಾಂತ ಮನೋಚಿಕಿತ್ಸೆಗಳಿಗಿಂತ ಉತ್ತಮ ಫಲ ಕೊಡುತ್ತದೆಂದು ಅದು ಕಂಡುಕೊಂಡಿತು. ಒಂದು ವರ್ಷದ ಕೊನೆಗೆ ಕುಡಿಯದೆ ಉಳಿದವರು ಈ ಕ್ರಮದಲ್ಲಿ ಶೇ. 42, ಇತರ ಚಿಕಿತ್ಸೆಗಳಲ್ಲಿ ಶೇ. 35. ಎಲ್ಲರೂ ಗೆಲ್ಲುತ್ತಾರೆಂದು ಈ ಅಂಕಿಗಳು ಹೇಳುವುದಿಲ್ಲ. ಗೆಲ್ಲುವವರ ಸಂಖ್ಯೆ ಹೆಚ್ಚುತ್ತದೆಂದು ಹೇಳುತ್ತವೆ. ಒಂದು ಮನೆಯ ಪಾಲಿಗೆ ಅದು ದೊಡ್ಡ ಮಾತು.

ಮೊದಲು ವೈದ್ಯರು

ಸಭೆಗೆ ಹೋಗುವ ಉತ್ಸಾಹದಲ್ಲಿ ಮರೆಯಬಾರದ ಎಚ್ಚರಿಕೆಯೊಂದಿದೆ. ಅನೇಕ ವರ್ಷಗಳಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಕೊನೆಯ ಬಾರಿ ಕುಡಿದ ಆರೇಳು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ ತೊಡಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುವ ಸಂಭವವಿದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಸ್ಥಳ, ಕಾಲಗಳ ಎಚ್ಚರ ತಪ್ಪಿ, ಇಲ್ಲದ್ದು ಕಾಣಿಸಿ, ಕೇಳಿಸಿ, ಜ್ವರವೇರಿ ಚಿತ್ತವಿಭ್ರಮೆ ಉಂಟಾಗುತ್ತದೆ. ಇದನ್ನು ಗಾಳಿ ಸೋಕಿತೆಂದು ಭಾವಿಸಿ ಮಂತ್ರ, ತಾಯಿತಗಳಲ್ಲಿ ಹೊತ್ತು ಕಳೆಯಬಾರದು. ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಥಯಮಿನ್ ಜೀವಸತ್ವದ ಚುಚ್ಚುಮದ್ದು ಹಾಗೂ ಕೆಲವು ದಿನಗಳ ಔಷಧದಿಂದ ಈ ಗಂಡಾಂತರವನ್ನು ದಾಟಿಸಬಹುದು.

ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗ, ಸರಕಾರಿ ವೈದ್ಯಕೀಯ ಮಹಾವಿದ್ಯಾಲಯಗಳು, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆ ಈ ಚಿಕಿತ್ಸೆ ದೊರೆಯುತ್ತದೆ. ಖಾಸಗಿ ವ್ಯಸನಮುಕ್ತಿ ಕೇಂದ್ರವನ್ನು ಆರಿಸಿಕೊಳ್ಳುವವರು, 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯಂತೆ ಅದು ನೋಂದಣಿಯಾಗಿದೆಯೇ, ಅಲ್ಲಿಗೆ ಮನೋವೈದ್ಯರು ಬರುತ್ತಾರೆಯೇ, ಒಳಗಿರುವವರನ್ನು ಮನೆಯವರು ಭೇಟಿಯಾಗಲು ಬಿಡುತ್ತಾರೆಯೇ ಎಂಬುದನ್ನು ಕೇಳಿ ತಿಳಿದೇ ಮುಂದುವರಿಯಬೇಕು.

ಇನ್ನೊಂದು ಮಾತನ್ನು ತಾಯಂದಿರಿಗೂ ಸಹೋದರಿಯರಿಗೂ ಒತ್ತಿ ಹೇಳಬೇಕಾಗಿದೆ. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ’ ಎಂಬ ಪುಡಿ, ಗುಳಿಗೆಗಳ ಜಾಹೀರಾತಿಗೆ ಮರುಳಾಗಬೇಡಿ. ಡೈಸಲ್ಫಿರಾಮ್ ಎಂಬ ಔಷಧ ಹೊಟ್ಟೆಯಲ್ಲಿರುವಾಗ ಮದ್ಯ ಸೇವಿಸಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ರೋಗಿಯೇ ಅರಿತು, ಒಪ್ಪಿ, ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಂಡಾಗ ಮಾತ್ರ ಅದು ಔಷಧ.

ಸಭೆಯನ್ನು ಹುಡುಕುವುದು ಹೇಗೆ?

ಈ ಸಭೆಗಳಿಗೆ ದೊಡ್ಡ ಫಲಕಗಳಿರುವುದಿಲ್ಲ. ಶಾಲೆಯ ಒಂದು ಕೊಠಡಿ, ಚರ್ಚಿನ ಹಿಂಬದಿಯ ಹಜಾರ, ಆಸ್ಪತ್ರೆಯ ಮಹಡಿ, ಸಮುದಾಯ ಭವನದ ಮೂಲೆ ಹೀಗೆ ಅಗ್ಗದ ಬಾಡಿಗೆಗೆ ದೊರೆತ ಜಾಗದಲ್ಲಿ ವಾರಕ್ಕೊಮ್ಮೆಯೋ ಎರಡು ಬಾರಿಯೋ ಸೇರುತ್ತಾರೆ. ಕೆಲವೆಡೆ ಬಾಗಿಲ ಬಳಿ ವೃತ್ತದೊಳಗೆ ತ್ರಿಕೋನವಿರುವ ಚಿಕ್ಕ ಚಿಹ್ನೆಯಷ್ಟೇ ಇರುತ್ತದೆ. ಆದ್ದರಿಂದ ವಿಚಾರಿಸುವ ಬಗೆ ತಿಳಿದಿರಬೇಕು.

ಮೊದಲನೆಯದಾಗಿ, ಹತ್ತಿರದ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ವೈದ್ಯರನ್ನಾಗಲಿ ಸಮಾಜಕಾರ್ಯಕರ್ತರನ್ನಾಗಲಿ ಕೇಳಬೇಕು. ಸಂಗದ ಸದಸ್ಯರು ಅನೇಕ ಆಸ್ಪತ್ರೆಗಳಿಗೆ ಬಂದು ರೋಗಿಗಳೊಡನೆ ಮಾತನಾಡುವುದರಿಂದ ಅಲ್ಲಿ ಅವರ ವಿಳಾಸ ಸಾಮಾನ್ಯವಾಗಿ ಇರುತ್ತದೆ. ಎರಡನೆಯದಾಗಿ, ದೂರವಾಣಿ. ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿ 14416. ಕರೆ ಮಾಡುವವರು ತಮ್ಮ ಜಿಲ್ಲೆಯನ್ನು ತಿಳಿಸಿ ಸಮೀಪದ ಚಿಕಿತ್ಸೆಯ ಬಗ್ಗೆಯೂ ಸಭೆಗಳ ಬಗ್ಗೆಯೂ ಕೇಳಬಹುದು. ಮೂರನೆಯದಾಗಿ, ಎ.ಎ. ಸಂಗವೇ ತನ್ನ ಸಭೆಗಳ ಊರು, ವಾರ, ವೇಳೆಗಳ ಪಟ್ಟಿಯನ್ನು ಅಂತರ್ಜಾಲದಲ್ಲಿ ಇಟ್ಟಿರುತ್ತದೆ. ಮನೆಯ ಹಿರಿಯರಿಗೆ ಅದು ಕಷ್ಟವಾದರೆ ಕಾಲೇಜಿಗೆ ಹೋಗುವ ಮೊಮ್ಮಗಳು ಐದು ನಿಮಿಷಗಳಲ್ಲಿ ತೆಗೆದುಕೊಟ್ಟಾಳು.

ಪಟ್ಟಿಯಲ್ಲಿ ಕಂಡ ಸಭೆ ಸ್ಥಳ ಬದಲಿಸಿರಬಹುದು, ನಿಂತಿರಲೂಬಹುದು. ಆದುದರಿಂದ ಹೊರಡುವ ಮುನ್ನ ಕರೆ ಮಾಡಿ ನಾಲ್ಕು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು. ಯಾವ ವಾರ, ಎಷ್ಟು ಗಂಟೆಗೆ? ಯಾವ ಕಟ್ಟಡ, ಯಾವ ಬಾಗಿಲು? ಯಾವ ಭಾಷೆಯಲ್ಲಿ ನಡೆಯುತ್ತದೆ? ಸಭೆ ಮುಕ್ತವೋ, ಸಂವೃತವೋ? ಮುಕ್ತ ಸಭೆಗೆ ಮನೆಯವರು, ಗೆಳೆಯರು, ಆಸಕ್ತರು ಯಾರೂ ಬರಬಹುದು. ಸಂವೃತ ಸಭೆ ಕುಡಿತ ಬಿಡಬಯಸುವವರಿಗೆ ಮಾತ್ರ. ಮೊದಲ ದಿನ ಒಬ್ಬನೇ ಹೋಗಲು ಅಂಜುವವನನ್ನು ಅಣ್ಣನೋ ಭಾವನೋ ಮುಕ್ತ ಸಭೆಗೆ ಕರೆದುಕೊಂಡು ಹೋಗಬಹುದು.

ತನ್ನ ಊರಿನಲ್ಲಿಯೇ ಹೋಗಲು ಸಂಕೋಚವಾದರೆ ಪಕ್ಕದ ಊರಿನ ಸಭೆಗೆ ಹೋಗಲು ಯಾರ ಅಡ್ಡಿಯೂ ಇಲ್ಲ. ಸದಸ್ಯತ್ವಕ್ಕೆ ಊರುಕೇರಿಯ ಹಂಗಿಲ್ಲ. ಒಂದು ಸಭೆ ಹಿಡಿಸಲಿಲ್ಲವೆಂದು ಕೈಬಿಡದೆ, ಬೇರೆ ಬೇರೆ ಸಭೆಗಳಲ್ಲಿ ಆರೇಳು ಬಾರಿ ಕುಳಿತು ನೋಡಿ ನಿರ್ಧರಿಸುವುದು ಜಾಣತನ. 2020ರ ಕೊರೋನಾ ಕಾಲದಿಂದೀಚೆಗೆ ಮೊಬೈಲಿನಲ್ಲಿಯೇ ಕೂಡುವ ಸಭೆಗಳೂ ಹೆಚ್ಚಿವೆ. ಬಸ್ಸಿನ ಸೌಕರ್ಯವಿಲ್ಲದ ಹಳ್ಳಿಯವರಿಗೂ, ರಾತ್ರಿ ಹೊರಡಲಾಗದ ಹೆಣ್ಣುಮಕ್ಕಳಿಗೂ ಇದರಿಂದ ಅನುಕೂಲವಾಗಿದೆ. ಆದರೂ ಎದುರು ಕುಳಿತವನ ಮುಖ ನೋಡಿ, ಚಹಾ ಹಂಚಿಕೊಂಡು ಆಡಿದ ಮಾತಿನ ಬಲ ಬೇರೆಯೇ.

ಮೊದಲ ಸಂಜೆ

ಅಲ್ಲಿ ಏನು ನಡೆಯುತ್ತದೆಂಬ ಅಂಜಿಕೆಯೇ ಅನೇಕರನ್ನು ಬಾಗಿಲಿನಿಂದ ಹಿಂತಿರುಗಿಸುತ್ತದೆ. ಆದ್ದರಿಂದ ಸಭೆಯ ಕ್ರಮವನ್ನು ತುಸು ವಿವರವಾಗಿ ಹೇಳುತ್ತೇವೆ.

ಹತ್ತು ಹದಿನೈದು ಕುರ್ಚಿಗಳು ಇರುತ್ತವೆ. ರಿಜಿಸ್ಟರಿನಲ್ಲಿ ಸಹಿ ಹಾಕಿಸುವುದಿಲ್ಲ. ವಿಳಾಸ, ಜಾತಿ, ಉದ್ಯೋಗ ಕೇಳುವುದಿಲ್ಲ. ಸದಸ್ಯರಲ್ಲಿಯೇ ಒಬ್ಬರು ಅಂದಿನ ಸಭೆ ನಡೆಸುತ್ತಾರೆ. ಕ್ಷಣಕಾಲ ಮೌನ ಅಥವಾ ಚಿಕ್ಕ ಪ್ರಾರ್ಥನೆ, ಬಳಿಕ ಸಂಗದ ಧ್ಯೇಯ ಹಾಗೂ ಮೆಟ್ಟಿಲುಗಳ ವಾಚನ. ಅನಂತರ ಒಬ್ಬೊಬ್ಬರಾಗಿ ತಮ್ಮ ಹೆಸರಷ್ಟನ್ನೇ ಹೇಳಿ, ತಾವು ಮದ್ಯವ್ಯಸನಿಯೆಂದು ಒಪ್ಪಿಕೊಂಡು, ಕುಡಿಯುತ್ತಿದ್ದಾಗ ಏನಾಯಿತು, ಹೇಗೆ ಬಿಟ್ಟರು, ಈ ವಾರ ಹೇಗೆ ಕಳೆಯಿತು ಎಂಬುದನ್ನು ಹೇಳುತ್ತಾರೆ. ಮಾತನಾಡುವವನನ್ನು ಯಾರೂ ನಡುವೆ ತಡೆಯುವುದಿಲ್ಲ, ಪ್ರಶ್ನಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರು ಮಾತನಾಡಲೇಬೇಕೆಂದಿಲ್ಲ. ‘ಇವತ್ತು ಕೇಳಿಸಿಕೊಳ್ಳುತ್ತೇನೆ’ ಎಂದರೆ ಸಾಕು. ಒಂದು, ಒಂದೂವರೆ ಗಂಟೆಯಲ್ಲಿ ಸಭೆ ಮುಗಿಯುತ್ತದೆ.

ಪ್ರವೇಶಶುಲ್ಕವಿಲ್ಲ. ಬಾಡಿಗೆ ಮತ್ತು ಚಹಾದ ಖರ್ಚಿಗೆಂದು ಒಂದು ಡಬ್ಬಿ ಅಥವಾ ಚೀಲ ಕೈಯಿಂದ ಕೈಗೆ ಸಾಗುತ್ತದೆ. ಹಾಕುವವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ಸಾಗಿಸುತ್ತಾರೆ. ಹೊರಗಿನವರ ದೇಣಿಗೆಯನ್ನು ಸಂಗ ಸ್ವೀಕರಿಸುವುದಿಲ್ಲ. ತನ್ನ ವೆಚ್ಚವನ್ನು ತನ್ನ ದುಡಿಮೆಯಿಂದಲೇ ನಡೆಸಬೇಕೆಂಬ ಈ ನಿಯಮ ಕಾಯಕ, ದಾಸೋಹಗಳ ಪರಂಪರೆಯವರಾದ ನಮಗೆ ಹೊಸದೇನಲ್ಲ. ಸದಸ್ಯನಾಗಲು ಬೇಕಾದ ಅರ್ಹತೆ ಒಂದೇ: ಕುಡಿತ ಬಿಡಬೇಕೆಂಬ ಬಯಕೆ.

ಜೀವಮಾನವಿಡೀ ಕುಡಿಯಲಾರೆನೆಂಬ ಪ್ರತಿಜ್ಞೆಯನ್ನು ಅಲ್ಲಿ ಕೇಳುವುದಿಲ್ಲ. ಈ ಒಂದು ದಿನ, ಮುಂದಿನ ಇಪ್ಪತ್ತನಾಲ್ಕು ಗಂಟೆ ಮುಟ್ಟದಿದ್ದರೆ ಸಾಕು ಎನ್ನುತ್ತಾರೆ. ಬೆಟ್ಟದಂತೆ ಕಂಡದ್ದು ಹೀಗೆ ಹೆಜ್ಜೆಯ ಅಳತೆಗೆ ಇಳಿಯುತ್ತದೆ. ಕೆಲವು ವಾರಗಳ ನಂತರ ಹೊಸಬನು ಹಿರಿಯ ಸದಸ್ಯರೊಬ್ಬರನ್ನು ತನ್ನ ಮಾರ್ಗದರ್ಶಿಯಾಗಿರಲು ಕೇಳಿಕೊಳ್ಳಬಹುದು. ಇವರನ್ನು ‘ಸ್ಪಾನ್ಸರ್’ ಎನ್ನುತ್ತಾರೆ. ರಾತ್ರಿ ಹತ್ತು ಗಂಟೆಗೆ ಕಾಲು ಅಂಗಡಿಯ ಕಡೆಗೆ ಎಳೆದಾಗ ಕರೆ ಮಾಡಲು ಒಂದು ನಂಬರು ಇರುವುದೇ ಅವರಿಂದಾಗುವ ದೊಡ್ಡ ಉಪಕಾರ. ಪುರುಷರಿಗೆ ಪುರುಷರು, ಮಹಿಳೆಯರಿಗೆ ಮಹಿಳೆಯರು ಮಾರ್ಗದರ್ಶಿಗಳಾಗುವುದು ರೂಢಿ.

‘ಪರಿಚಯದವರು ಯಾರಾದರೂ ನನ್ನನ್ನು ಅಲ್ಲಿ ಕಂಡರೆ?’ ಎಂಬುದು ಎಲ್ಲರ ಪ್ರಶ್ನೆ. ಕಂಡವರೂ ಅದೇ ಕಾರಣಕ್ಕೆ ಬಂದು ಅದೇ ಕುರ್ಚಿಗಳಲ್ಲಿ ಕುಳಿತಿದ್ದಾರೆಂಬುದೇ ಅದಕ್ಕೆ ಉತ್ತರ. ಅಲ್ಲಿ ಕೇಳಿದ್ದನ್ನು ಅಲ್ಲಿಯೇ ಬಿಟ್ಟುಬರುವುದು ಸಂಗದ ಕಟ್ಟುನಿಟ್ಟಾದ ಸಂಪ್ರದಾಯ.

ಬಿಟ್ಟವನು ಮತ್ತೆ ಜಾರಬಹುದು. ಹಾಗಾದಾಗ ಸಂಗ ಅವನನ್ನು ಹೊರಹಾಕುವುದಿಲ್ಲ. ಅವನು ಮತ್ತೆ ಬಂದು ಮೊದಲ ದಿನದಿಂದ ಎಣಿಸತೊಡಗುತ್ತಾನೆ. ಮನೆಯವರೂ ಆ ದಿನ ‘ಎಲ್ಲ ಮುಗಿಯಿತು’ ಎನ್ನದೆ, ಮುಂದಿನ ಸಭೆ ಯಾವಾಗ ಎಂದಷ್ಟೇ ಕೇಳುವುದು ಒಳಿತು.

ದೇವರು, ಧರ್ಮಗಳ ಪ್ರಶ್ನೆ

ಚರ್ಚಿನ ಹಜಾರದಲ್ಲಿ ನಡೆಯುವ ಸಭೆಗೆ ಹೋದರೆ ಮತಾಂತರದ ಭಯವೆಂದು ಶಂಕಿಸುವ ಹಿರಿಯರಿದ್ದಾರೆ. ಎ.ಎ. ಯಾವ ಮತಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, ನಿಜ. ಆದರೆ ಆ ದೇವರನ್ನು ಅವರವರು ಅರಿತಂತೆ ಭಾವಿಸಿಕೊಳ್ಳಲು ಬಿಟ್ಟಿದೆ. ಲಿಂಗಧಾರಿಯು ತನ್ನ ಇಷ್ಟಲಿಂಗವನ್ನೇ ನೆನೆಯಬಹುದು. ದೇವರನ್ನು ನಂಬದವನು ಸಂಗದ ಬಲವನ್ನೇ ನಂಬಬಹುದು.

ಇನ್ನೂ ಆಳಕ್ಕೆ ಹೋದರೆ, ಈ ಪದ್ಧತಿ ನಮಗೆ ಹೊರಗಿನದೆಂದು ಅನಿಸುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಅನುಭಾವ ಗೋಷ್ಠಿಯಲ್ಲಿ ಕುಲ, ಕಸುಬುಗಳ ಭೇದವಿಲ್ಲದೆ ಒಟ್ಟಿಗೆ ಕುಳಿತು, ತಮ್ಮ ಅಂತರಂಗವನ್ನೇ ಮಾತಾಗಿಸಿದರು. ಆ ಗಣದಲ್ಲಿ ಹೆಂಡದ ಮಾರಯ್ಯನೂ ಇದ್ದ. ಹೆಂಡ ಮಾರುವ ಕಾಯಕದವನಾಗಿದ್ದ ಆತನನ್ನು ಶರಣರು ಬಾಗಿಲಾಚೆ ನಿಲ್ಲಿಸಲಿಲ್ಲ. ಆತನ ವಚನಗಳು ಇಂದಿಗೂ ನಮ್ಮ ವಚನ ಸಂಪುಟಗಳಲ್ಲಿವೆ. ಆ ಪರಂಪರೆಯವರಾದ ನಾವು, ಕುಡಿದು ನೊಂದು ಬಿಡಬಯಸಿ ಬಂದವನನ್ನು ಬಾಗಿಲಾಚೆ ನಿಲ್ಲಿಸುವುದು ಯಾವ ನ್ಯಾಯ?

ಮನೆಯವರಿಗೂ ಒಂದು ಸಭೆ

ಒಬ್ಬನ ಕುಡಿತಕ್ಕೆ ಇಡೀ ಮನೆ ರೋಗಿಯಾಗುತ್ತದೆ. ಹೆಂಡತಿ ಬಾಟಲಿಗಳನ್ನು ಹುಡುಕಿ ಚೆಲ್ಲುತ್ತಾಳೆ. ಕಚೇರಿಗೆ ಕರೆ ಮಾಡಿ ‘ಅವರಿಗೆ ಜ್ವರ’ ಎನ್ನುತ್ತಾಳೆ. ತಂದೆ ಹೊಲ ಮಾರಿ ಸಾಲ ತೀರಿಸುತ್ತಾನೆ. ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವುದನ್ನು ಬಿಡುತ್ತಾರೆ. ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಕುಡಿತದ ಫಲವನ್ನು ಕುಡಿದವನು ಉಣ್ಣದಂತೆ ನಾವೇ ತಡೆದರೆ, ಬಿಡಬೇಕಾದ ಒತ್ತಾಯವೇ ಅವನಿಗೆ ತಟ್ಟುವುದಿಲ್ಲ.

ಬಿಲ್ ವಿಲ್ಸನ್ನನ ಪತ್ನಿ ಲೋಯಿಸ್ ತನ್ನ ಗೆಳತಿಯೊಡನೆ 1951ರಲ್ಲಿ ಆರಂಭಿಸಿದ ‘ಅಲ್-ಅನಾನ್’ ಇಂಥ ಕುಟುಂಬದವರ ಸಂಗ. 1957ರಲ್ಲಿ ಹದಿಹರೆಯದ ಮಕ್ಕಳಿಗಾಗಿ ‘ಅಲಟೀನ್’ ಎಂಬುದೂ ಆರಂಭವಾಯಿತು. ಭಾರತದಲ್ಲಿಯೂ ಅಲ್-ಅನಾನ್ ಸಭೆಗಳು ನಡೆಯುತ್ತವೆ. ಗಂಡನ ಕುಡಿತಕ್ಕೆ ತಾನು ಕಾರಣಳಲ್ಲ, ಅದನ್ನು ತನ್ನ ಬಲದಿಂದ ಹತೋಟಿಗೆ ತರಲಾರೆ, ತಾನೇ ಗುಣಪಡಿಸಲಾರೆ ಎಂಬ ತಿಳಿವಳಿಕೆ ಅಲ್ಲಿ ಮೊದಲು ದೊರೆಯುತ್ತದೆ. ‘ಕಾಲ್ಗುಣ ಸರಿಯಿಲ್ಲ’ ಎಂಬ ಅತ್ತೆಯ ಮಾತನ್ನು ವರ್ಷಗಟ್ಟಲೆ ಕೇಳಿದ ಸೊಸೆಗೆ ಇದು ಎಂಥ ನೆಮ್ಮದಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡ ಸಭೆಗೆ ಹೋಗಲೊಪ್ಪದಿದ್ದರೂ ಹೆಂಡತಿ ತನ್ನ ಸಭೆಗೆ ಹೋಗಬಹುದು, ಅವನಿಗಾಗಿ ಕಾಯಬೇಕಾಗಿಲ್ಲ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಾತ್ರ ಸಭೆಗಿಂತ ಮೊದಲು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112.

ಕುಡಿಯುವವರು ಗಂಡಸರೇ ಎಂದು ಭಾವಿಸಿ ಬರೆಯುವುದೂ ಅನ್ಯಾಯವಾದೀತು. ಈ ವ್ಯಸನಕ್ಕೆ ಸಿಲುಕಿದ ಹೆಣ್ಣುಮಗಳ ನಾಚಿಕೆ ಇಮ್ಮಡಿ, ಅವಳು ಸಹಾಯಕ್ಕೆ ಬರುವ ದಾರಿ ಇನ್ನೂ ಕಿರಿದು. ಮಹಿಳೆಯರಿಗೇ ಮೀಸಲಾದ ಸಭೆಗಳೂ ಇರುತ್ತವೆ. ದೂರವಾಣಿಯಲ್ಲಿ ವಿಚಾರಿಸುವಾಗ ಇದನ್ನು ಕೇಳಬೇಕು.

ನಮ್ಮ ನೆಲದ ಜೋಳಿಗೆ

ನಮ್ಮ ನಾಡಿನಲ್ಲಿ ಈ ಕಾರ್ಯಕ್ಕೆ ತನ್ನದೇ ಆದ ಇತಿಹಾಸವಿದೆ. ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು 1975ರಿಂದ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಊರೂರು, ಕೇರಿಕೇರಿ ತಿರುಗಿದರು. ಕಾಳುಕಡಿ, ಕಾಣಿಕೆಗಳನ್ನು ಬೇಡುವ ಜೋಳಿಗೆಯಲ್ಲಿ ಅವರು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲಾಗುತ್ತಿದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯವರು ಹಳ್ಳಿ ಹಳ್ಳಿಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿಸಿದವರು ಮತ್ತೆ ಜಾರದಂತೆ ‘ನವಜೀವನ ಸಮಿತಿ’ಗಳಲ್ಲಿ ಕೂಡಿಸುತ್ತಾರೆ. ಎ.ಎ. ಸಭೆ ಹತ್ತಿರವಿಲ್ಲದ ತಾಲ್ಲೂಕುಗಳಲ್ಲಿ ಇಂಥ ಸಮಿತಿಯನ್ನು ವಿಚಾರಿಸಬಹುದು.

ಜೋಳಿಗೆಗೆ ಚಟ ಹಾಕುವ ಆ ಕ್ಷಣ ಪವಿತ್ರವಾದದ್ದು. ಆದರೆ ಅದರ ಮರುದಿನ ಸಂಜೆ ಏಳು ಗಂಟೆಗೆ ಅವನು ಎಲ್ಲಿ ಕೂಡಬೇಕು? ಈ ಪ್ರಶ್ನೆಗೆ ಉತ್ತರವಾಗಿ ಸಭೆ ಬೇಕು. ಅಲ್ಲದೆ, ವೇದಿಕೆಯೇರಿ ಎಲ್ಲರೆದುರು ಕೈಯೆತ್ತುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಹೆಸರು ಹೊರಬೀಳದ ಒಂದು ಕೋಣೆ ದೊರೆತರೆ ಮಾತ್ರ ಬರುವವರೂ ಇದ್ದಾರೆ. ಎರಡೂ ದಾರಿಗಳಿರಲಿ.

ಸಭೆಯಿಲ್ಲದ ಊರಿನಲ್ಲಿ

ರಾಜ್ಯದ ಅನೇಕ ತಾಲ್ಲೂಕುಗಳಲ್ಲಿ ವಾರದ ಸಭೆಯಿಲ್ಲ. ಅಂಥಲ್ಲಿ ಹೊಸದನ್ನು ತೊಡಗಿಸಲು ದೊಡ್ಡ ಸಂಸ್ಥೆ ಬೇಕಾಗಿಲ್ಲ. ಬಿಡಬಯಸುವ ಇಬ್ಬರು, ಒಂದು ಕೋಣೆ, ಒಂದು ನಿಶ್ಚಿತ ವೇಳೆ ಇದ್ದರೆ ಸಾಕು. ಬೇರೆ ಊರಿನ ಸಂಗದವರಿಗೆ ಬರೆದರೆ ಪುಸ್ತಕಗಳನ್ನೂ ಮಾರ್ಗದರ್ಶನವನ್ನೂ ಕೊಡುತ್ತಾರೆ. ಜನ ಬರಲಿ, ಬಾರದಿರಲಿ, ಹೇಳಿದ ದಿನ ಹೇಳಿದ ಹೊತ್ತಿಗೆ ಬಾಗಿಲು ತೆರೆದಿರುವುದೇ ಇದರ ಗುಟ್ಟು. ಯಾರೋ ಒಬ್ಬನು ಮೂರು ವಾರ ಆ ಬಾಗಿಲ ಮುಂದಿನಿಂದಲೇ ಹಾದುಹೋಗಿ ನಾಲ್ಕನೆಯ ವಾರ ಒಳಗೆ ಬರುವವನಿರುತ್ತಾನೆ.

ಈ ಕಾರಣಕ್ಕಾಗಿ ನಮ್ಮ ಮಠಗಳ ಪೂಜ್ಯರಲ್ಲಿಯೂ, ಬಸವ ಸಮಿತಿ, ಅಕ್ಕನ ಬಳಗ, ಸಮಾಜದ ವಿದ್ಯಾರ್ಥಿ ನಿಲಯ, ಕಲ್ಯಾಣ ಮಂಟಪಗಳ ಆಡಳಿತದವರಲ್ಲಿಯೂ ಒಂದು ವಿನಂತಿ. ನಿಮ್ಮ ಕಟ್ಟಡದ ಒಂದು ಕೋಣೆಯನ್ನು ವಾರಕ್ಕೆ ಒಂದೂವರೆ ಗಂಟೆ ಇಂಥ ಸಭೆಗೆ ಕೊಡಿ. ಸಣ್ಣದೊಂದು ಬಾಡಿಗೆ ಪಡೆಯಿರಿ. ಅವರ ನಿಯಮಕ್ಕೂ ಅದೇ ಸರಿ. ಬಂದವರ ಹೆಸರು ಕೇಳಬೇಡಿ, ಫೋಟೊ ತೆಗೆಯಬೇಡಿ, ಉದ್ಘಾಟನೆ, ಹಾರ, ಭಾಷಣಗಳನ್ನು ಇಡಬೇಡಿ. ನಮ್ಮವರಿಗೆ ಮಾತ್ರವೆಂದು ಬೇಲಿಯನ್ನೂ ಹಾಕಬೇಡಿ. ಈ ರೋಗಕ್ಕೆ ಜಾತಿಯಿಲ್ಲ, ದಾಸೋಹಕ್ಕೂ ಇಲ್ಲ.

ಬಂಧು ಬಾಂಧವರಲ್ಲಿಯೂ ಒಂದು ಕೋರಿಕೆ. ಮದುವೆ, ಜಾತ್ರೆ, ಚುನಾವಣೆಗಳ ಕಾಲದಲ್ಲಿ ಬಿಟ್ಟವನನ್ನು ‘ಒಂದು ಪೆಗ್ಗಿಗೆ ಏನಾಗುತ್ತದೆ?’ ಎಂದು ಕೆಣಕಬೇಡಿ. ಅವನಿಗೆ ಆಗುವುದು ಆ ಒಂದರಿಂದಲೇ. ಬಿಟ್ಟಿದ್ದಾನೆಂದು ತಿಳಿದರೆ ಹಳೆಯದನ್ನು ಎತ್ತಿ ಆಡದೆ, ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಈ ಪುಟವನ್ನು ಓದುತ್ತಿರುವವರ ಮನೆಯಲ್ಲಿಯೇ ಈ ನೋವು ಇದ್ದರೆ ನಮ್ಮ ಮಾತು ಇಷ್ಟೇ: ನೀವು ಒಬ್ಬರೇ ಅಲ್ಲ, ಕಾಲವೂ ಮೀರಿಲ್ಲ. ಲೇಖನವನ್ನು ಕತ್ತರಿಸಿ, ಯಾರ ಕಣ್ಣಿಗೆ ಬೀಳಬೇಕೋ ಅವರ ಕೈಗೆ ಸಿಗುವಂತೆ ಇಡಿ. ನಾಳೆ ಬೆಳಿಗ್ಗೆ ವೈದ್ಯರನ್ನು ಕಾಣುವ, ಇಲ್ಲವೇ ಸಹಾಯವಾಣಿಗೆ ಕರೆ ಮಾಡುವ ಒಂದು ಚಿಕ್ಕ ಕೆಲಸವನ್ನು ಮಾಡಿ. ಮುಂದಿನ ಸಭೆಯ ವಾರ, ವೇಳೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಳ್ಳಿ. ಅಷ್ಟಾದರೆ ಮೊದಲ ಮೆಟ್ಟಿಲು ಹತ್ತಿದಂತೆಯೇ.